ಔಷಧಿ ಸಿಗದವರಿಗೆ ಏನಾಯ್ತು?

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಅಮ್ಮನಿಗೆ ಮಂಡಿ ನೋವು ಜೋರಾಗಿತ್ತು. ಮೆಟ್ಟಿಲು ಇಳಿಯುವಾಗ ಗೋಡೆಗೆ ಅಂಗೈ ಒತ್ತಿಕೊಂಡು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಜೋಡಿಸಿ, ನಿಂತು ನಿಂತು ಇಳಿಯುತ್ತಿದ್ದರು. ಯಾರೋ ಹೇಳಿದರು ಅಂತ ಒಂದು ಹೊಸ ಮಾತ್ರೆ ಶುರು ಮಾಡಿದೆವು. ಎರಡು ವಾರ ಕಳೆಯುವಷ್ಟರಲ್ಲಿ ಅಮ್ಮ ಗೋಡೆ ಬಿಟ್ಟು ಇಳಿದರು. ನನಗಾದ ಖುಷಿ ಅಷ್ಟಿಷ್ಟಲ್ಲ. ಮಂಡಿ ನೋವು ಅಂದವರಿಗೆಲ್ಲ ಆ ಮಾತ್ರೆಯ ಹೆಸರು ಹೇಳಿಕೊಂಡು ಬಂದೆ.

ನೆಂಟರಲ್ಲಿ ಒಬ್ಬರು ಡಾಕ್ಟರ್ ಇದ್ದರು. ಅವರಿಗೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಮಾತ್ರೆ ತಗೊಳ್ಳದೇ ಇದ್ದಿದ್ದರೆ ಏನಾಗ್ತಿತ್ತು?"

ನನಗೆ ಸ್ವಲ್ಪ ಬೇಜಾರಾಯಿತು. ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಈ ಥರದ ನೋವು ಏರುತ್ತೆ, ಇಳಿಯುತ್ತೆ. ತೀರಾ ಜಾಸ್ತಿಯಾದಾಗಲೇ ಜನ ಹೊಸ ಔಷಧಿ ಹುಡುಕೋದು. ತುತ್ತತುದಿಗೆ ಹೋಗಿದ್ದು ಆಮೇಲೆ ಇಳಿಯಲೇಬೇಕಲ್ವಾ? ಇಳಿದ ಪುಣ್ಯ ಮಾತ್ರ ಆಗ ನುಂಗುತ್ತಿದ್ದ ಮಾತ್ರೆಗೆ ಹೋಗುತ್ತೆ. ಮಾತ್ರೆ ಕೆಲಸ ಮಾಡಿಲ್ಲ ಅಂತ ಅವರು ಹೇಳಲಿಲ್ಲ. ಮಾಡಿದೆ ಅನ್ನೋಕೆ ನನ್ನ ಹತ್ತಿರ ಆಧಾರ ಏನೂ ಇಲ್ಲ ಅಂದರು, ಅಷ್ಟೇ.

ಆ ಪ್ರಶ್ನೆ ಆಮೇಲೆ ನನ್ನನ್ನು ಬಿಡಲೇ ಇಲ್ಲ. ಬೆಳಿಗ್ಗೆ ಎದ್ದು ಸಂಶೋಧನೆಯ ಸುದ್ದಿ ಓದುವುದು ನನ್ನ ಹಳೇ ಅಭ್ಯಾಸ. ಮೊದಲೆಲ್ಲ ಏನು ಸಿಕ್ಕಿತು ಅಂತ ನೋಡಿ ಮುಂದಕ್ಕೆ ಹೋಗುತ್ತಿದ್ದೆ. ಈಗ ಕಣ್ಣು ಮೊದಲು ಹುಡುಕೋದು ಬೇರೆಯದನ್ನು. ಯಾವುದರ ಜತೆ ಹೋಲಿಸಿದರು? ಔಷಧಿ ಸಿಗದವರು ಯಾರು, ಅವರಿಗೆ ಏನಾಯ್ತು? ಆಫೀಸಿನ ಬಗೆಗಿನ ಅಧ್ಯಯನ ಇರಲಿ, ಆಕಾಶದ ಸುದ್ದಿ ಇರಲಿ, ಇದೇ ಪ್ರಶ್ನೆ ಕೇಳಿ ನೋಡುತ್ತೇನೆ. ಹಾಗೆ ಓದಿದ್ದರಲ್ಲಿ ಮನಸ್ಸಲ್ಲಿ ಉಳಿದುಕೊಂಡ ಕೆಲವನ್ನು ಬರೆಯಬೇಕು ಅನ್ನಿಸಿದೆ.

2024ರ ಜುಲೈನಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಏಡ್ಸ್ ಸಮ್ಮೇಳನ ನಡೆಯಿತು. ದಕ್ಷಿಣ ಆಫ್ರಿಕಾದ ವೈದ್ಯೆ ಲಿಂಡಾ-ಗೇಲ್ ಬೆಕ್ಕರ್ ಅಲ್ಲಿ ಒಂದು ಟ್ರಯಲ್‌ನ ಫಲಿತಾಂಶ ಹೇಳಿದಾಗ ಸಭೆಯಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಲೆನಾಕಾಪವಿರ್ ಅನ್ನೋ ಇಂಜೆಕ್ಷನ್ ಅದು. ಎಚ್‌ಐವಿ ಬಾರದಂತೆ ತಡೆಯೋಕೆ ಆರು ತಿಂಗಳಿಗೊಮ್ಮೆ, ವರ್ಷಕ್ಕೆ ಎರಡೇ ಸಲ ಚುಚ್ಚಿಸಿಕೊಂಡರೆ ಸಾಕು. ವೈರಸ್ ತನ್ನ ತಳಿ ಮಾಹಿತಿಯನ್ನು ಪ್ರೋಟೀನ್‌ನ ಒಂದು ಚಿಪ್ಪಿನೊಳಗೆ ಇಟ್ಟುಕೊಂಡಿರುತ್ತದೆ. ಈ ಔಷಧಿ ಹೋಗಿ ಆ ಚಿಪ್ಪಿಗೇ ಅಂಟಿಕೊಳ್ಳುತ್ತದೆ. ಮುಂದೆ ಆ ಚಿಪ್ಪು ಬಿಚ್ಚಿಕೊಳ್ಳಬೇಕಾದ ಕಡೆ ಸರಿಯಾಗಿ ಬಿಚ್ಚುವುದಿಲ್ಲ, ಹೊಸ ವೈರಸ್ಸಿಗೆ ಕಟ್ಟಿಕೊಳ್ಳಬೇಕಾದ ಕಡೆ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ.

ಟ್ರಯಲ್ ನಡೆದದ್ದು ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ. ಸೇರಿದವರು 16 ರಿಂದ 25 ವರ್ಷದ ಹುಡುಗಿಯರು, ಯುವತಿಯರು. ಇಂಜೆಕ್ಷನ್ ಸಿಕ್ಕಿದ 2134 ಜನರಲ್ಲಿ ಎಚ್‌ಐವಿ ತಗುಲಿದವರು ಒಬ್ಬರೂ ಇಲ್ಲ. ಸೊನ್ನೆ.

ಸುದ್ದಿಯಲ್ಲಿ ಎಲ್ಲ ಕಡೆ ಬಂದದ್ದು ಆ ಸೊನ್ನೆಯೇ. ಆದರೆ ಸೊನ್ನೆ ತಾನೊಂದೇ ಏನೂ ಹೇಳುವುದಿಲ್ಲ. ಎಚ್‌ಐವಿ ಹರಡದ ಜಾಗದಲ್ಲಿ ಬರೀ ನೀರು ಚುಚ್ಚಿದರೂ ಸೊನ್ನೆ ಬರುತ್ತದೆ. ಹಾಗಾಗಿ ನಾನು ಪಟ್ಟಿಯ ಮುಂದಿನ ಸಾಲುಗಳನ್ನು ನೋಡಿದೆ. ಈಗಾಗಲೇ ಬಳಕೆಯಲ್ಲಿರುವ ದಿನಕ್ಕೊಂದು ಮಾತ್ರೆಯ ಗುಂಪುಗಳು ಎರಡಿದ್ದವು. ಒಂದರಲ್ಲಿ 1068 ಜನ, ಅವರಲ್ಲಿ 16 ಮಂದಿಗೆ ಸೋಂಕು. ಇನ್ನೊಂದರಲ್ಲಿ 2136 ಜನ, 39 ಮಂದಿಗೆ ಸೋಂಕು.

ಏನೂ ಕೊಡದ ಗುಂಪು ಇರಲಿಲ್ಲ. ತಡೆಯುವ ಮಾತ್ರೆ ಕೈಯಲ್ಲಿದ್ದೂ ಕೊಡದೆ ಸುಮ್ನೆ ನೋಡುತ್ತಾ ಕೂರುವುದು ಸರಿಯಲ್ಲ. ಅದಕ್ಕೆ ಸಂಶೋಧಕರು ಇನ್ನೊಂದು ದಾರಿ ಹಿಡಿದರು. ಟ್ರಯಲ್‌ಗೆ ಸೇರಲು ಬಂದವರಿಗೆಲ್ಲ ಮೊದಲೇ ಎಚ್‌ಐವಿ ಪರೀಕ್ಷೆ ಮಾಡಿ, ಅವರಲ್ಲಿ ಎಷ್ಟು ಜನರಿಗೆ ಹೊಸದಾಗಿ ಸೋಂಕು ತಗುಲಿದೆ ಅಂತ ಲೆಕ್ಕ ಹಾಕಿದರು. ವರ್ಷಕ್ಕೆ ನೂರಕ್ಕೆ ಎರಡರಿಂದ ಮೂರು ಜನ. ಅಂದರೆ ಏನೂ ಮಾಡದೇ ಇದ್ದಿದ್ದರೆ ಆ ಊರುಗಳಲ್ಲಿ ಏನಾಗುತ್ತಿತ್ತು ಅನ್ನೋದಕ್ಕೆ ಒಂದು ಅಂದಾಜು ಸಿಕ್ಕಿತು. ಮಾತ್ರೆಯ ಗುಂಪುಗಳ ಲೆಕ್ಕ ಅದಕ್ಕೆ ತೀರಾ ದೂರವೇನೂ ಇರಲಿಲ್ಲ. ಮಾತ್ರೆಗೆ ಶಕ್ತಿ ಇಲ್ಲ ಅಂತಲ್ಲ. ದಿನಾ ನುಂಗುವುದು ಕಷ್ಟ. ರಕ್ತ ಪರೀಕ್ಷೆ ಮಾಡಿದರೆ ಬಹಳ ಜನರಲ್ಲಿ ಔಷಧಿಯ ಅಂಶ ಸಾಲದಷ್ಟು ಕಡಿಮೆ ಇತ್ತು. ಮನೆಯಲ್ಲಿ ಮಾತ್ರೆ ಡಬ್ಬಿ ಕಂಡರೆ ಏನಂದುಕೊಳ್ಳುತ್ತಾರೋ ಅನ್ನೋ ಭಯದಲ್ಲಿ ಬದುಕುವ ಹತ್ತೊಂಬತ್ತರ ಹುಡುಗಿಗೆ ದಿನಾ ನೆನಪಿಟ್ಟುಕೊಂಡು ನುಂಗು ಅನ್ನೋದು ಎಷ್ಟು ಸುಲಭ ಹೇಳಿ.

ಈ ಟ್ರಯಲ್‌ನ ಇನ್ನೊಂದು ವಿವರ ನನಗೆ ತುಂಬಾ ಹಿಡಿಸಿತು. ಇಂಜೆಕ್ಷನ್ ಸಿಕ್ಕಿದವರಿಗೆ ಜತೆಗೆ ಔಷಧಿಯಿಲ್ಲದ ಮಾತ್ರೆಯನ್ನೂ ಕೊಟ್ಟರು. ಮಾತ್ರೆ ಸಿಕ್ಕಿದವರಿಗೆ ಔಷಧಿಯಿಲ್ಲದ ಇಂಜೆಕ್ಷನ್ ಕೊಟ್ಟರು. ಎಲ್ಲರಿಗೂ ಎರಡೂ. ಯಾರ ಮೈಯಲ್ಲಿ ನಿಜವಾದ ಔಷಧಿ ಯಾವುದಿದೆ ಅಂತ ಚುಚ್ಚಿಸಿಕೊಂಡವರಿಗೂ ಗೊತ್ತಿಲ್ಲ, ಚುಚ್ಚಿದವರಿಗೂ ಗೊತ್ತಿಲ್ಲ.

ಹೀಗೆ ಕಣ್ಣು ಕಟ್ಟಿಕೊಂಡು ಹೋಲಿಸುವುದನ್ನು ಮನುಷ್ಯರು ಕಲಿತದ್ದು ನಿನ್ನೆ ಮೊನ್ನೆ ಅನ್ನಬಹುದು. ಎರಡನೇ ಮಹಾಯುದ್ಧ ಮುಗಿದಿತ್ತು. ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಹೊಸದಾಗಿ ಬಂದಿತ್ತು, ಎಲ್ಲರಿಗೂ ಕೊಡುವಷ್ಟು ಇರಲಿಲ್ಲ. ಹೇಗೂ ಎಲ್ಲರಿಗೂ ಸಿಗದ ಮೇಲೆ, ಯಾರಿಗೆ ಅನ್ನೋದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸೋಣ ಅಂತ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಮತ್ತು ಜತೆಗಿದ್ದವರು ನಿರ್ಧರಿಸಿದರು. ಸೀಲ್ ಮಾಡಿದ ಲಕೋಟೆ ಒಡೆದು ನೋಡಬೇಕು. 55 ಜನರಿಗೆ ಔಷಧಿ ಮತ್ತು ವಿಶ್ರಾಂತಿ, 52 ಜನರಿಗೆ ಬರೀ ವಿಶ್ರಾಂತಿ. ಎಕ್ಸ್‌ರೇ ನೋಡುವ ವೈದ್ಯರಿಗೆ ಯಾವುದು ಯಾರದ್ದು ಅಂತ ಹೇಳಲಿಲ್ಲ. ಆರು ತಿಂಗಳಲ್ಲಿ ಔಷಧಿ ಸಿಕ್ಕಿದವರಲ್ಲಿ 4 ಜನ ತೀರಿಕೊಂಡರು, ಸಿಗದವರಲ್ಲಿ 14 ಜನ. 1948ರಲ್ಲಿ ಫಲಿತಾಂಶ ಪ್ರಕಟವಾಯಿತು. ಆ 52 ಜನರಿಗೆ ತಾವೊಂದು ಟ್ರಯಲ್‌ನಲ್ಲಿದ್ದೇವೆ ಅನ್ನೋದೂ ಗೊತ್ತಿರಲಿಲ್ಲ. ಇವತ್ತು ಹಾಗೆ ಮಾಡುವಂತಿಲ್ಲ, ಮಾಡಲೂಬಾರದು. ಆದರೆ ಅವರ ಹಾಸಿಗೆಗಳ ಪಕ್ಕದಲ್ಲಿ ಬರೆದಿಟ್ಟ ಲೆಕ್ಕದಿಂದಲೇ ಔಷಧಿಯನ್ನು ನ್ಯಾಯವಾಗಿ ಪರೀಕ್ಷಿಸೋದು ಹೇಗೆ ಅಂತ ಜಗತ್ತಿಗೆ ತಿಳಿಯಿತು.

ಹಾಗಾದರೆ ಹೋಲಿಸೋಕೆ ಇನ್ನೊಬ್ಬರೇ ಇಲ್ಲದಿದ್ದರೆ?

2025ರ ಮೇ ತಿಂಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಅಂಥದ್ದೇ ಒಂದು ಸುದ್ದಿ ಬಂತು. ಹುಟ್ಟುವಾಗಲೇ ಒಂದು ಮಗುವಿಗೆ ಅಪರೂಪದ ತೊಂದರೆ ಇತ್ತು. ನಾವು ತಿಂದ ಪ್ರೋಟೀನ್ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಲಿವರ್ ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಈ ಮಗುವಿನಲ್ಲಿ ಆ ಕೆಲಸಕ್ಕೆ ಬೇಕಾದ ಒಂದು ಕಿಣ್ವವೇ ಕೆಟ್ಟಿತ್ತು. ಅಮೋನಿಯಾ ರಕ್ತದಲ್ಲೇ ಉಳಿದು ಮಿದುಳಿಗೆ ಏರುತ್ತದೆ. ತೀವ್ರವಾಗಿ ಈ ಕಾಯಿಲೆ ಬಂದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎಳೆತನದಲ್ಲೇ ತೀರಿಕೊಳ್ಳುತ್ತವೆ.

ರೆಬೆಕಾ ಅಹ್ರೆನ್ಸ್-ನಿಕ್ಲಾಸ್ ಮತ್ತು ಕಿರಣ್ ಮುಸುನೂರು ಅನ್ನೋ ವೈದ್ಯರು ಮತ್ತವರ ತಂಡ ಆ ಮಗುವಿನ ಡಿಎನ್‌ಎಯಲ್ಲಿ ತಪ್ಪಾಗಿದ್ದ ಅಕ್ಷರವನ್ನೇ ತಿದ್ದುವ ಔಷಧಿಯನ್ನು ಆರು ತಿಂಗಳಲ್ಲಿ ತಯಾರಿಸಿತು. ಆ ಒಂದು ಮಗುವಿಗೆ ಮಾತ್ರ. ಡಿಎನ್‌ಎ ತಿದ್ದುವ ಕ್ರಿಸ್ಪರ್ ತಂತ್ರದಿಂದ ಬೆಳೆದ ಬೇಸ್ ಎಡಿಟಿಂಗ್ ಅನ್ನೋ ವಿಧಾನ ಇದು. ಡಿಎನ್‌ಎಯ ಎರಡೂ ಎಳೆ ಕತ್ತರಿಸದೆ ಒಂದಕ್ಷರ ಅಳಿಸಿ ಇನ್ನೊಂದು ಬರೆಯುತ್ತದೆ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಯಲ್ಲಿದ್ದಂಥ ಕೊಬ್ಬಿನ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಅದನ್ನು ತುಂಬಿ ಲಿವರ್‌ಗೆ ಕಳಿಸಿದರು. ಮೂರು ಡೋಸ್ ಕೊಟ್ಟರು. ಆಮೇಲೆ ಮಗುವಿಗೆ ಮೊದಲಿಗಿಂತ ಜಾಸ್ತಿ ಪ್ರೋಟೀನ್ ಕೊಡಲು ಸಾಧ್ಯವಾಯಿತು, ಅಮೋನಿಯಾ ಇಳಿಸುವ ಔಷಧಿಯನ್ನು ಕಡಿಮೆ ಮಾಡಲು ಸಾಧ್ಯವಾಯಿತು. ಮಗು ಮನೆಗೆ ಹೋಯಿತು.

ಓದುವಾಗ ಕಣ್ಣು ತುಂಬಿ ಬಂತು. ತುಂಬಿದ ಕಣ್ಣಲ್ಲೇ ನನ್ನ ಪ್ರಶ್ನೆಯನ್ನೂ ಕೇಳಿದೆ. ಇಲ್ಲಿ ಇನ್ನೊಂದು ಗುಂಪು ಎಲ್ಲಿದೆ? ಎಲ್ಲೂ ಇಲ್ಲ. ಎಷ್ಟು ಜೀವಕೋಶ ಸರಿಹೋಗಿವೆ ಅಂತ ನೇರವಾಗಿ ನೋಡಬೇಕಾದರೆ ಲಿವರ್‌ನಿಂದ ಚೂರು ತೆಗೆಯಬೇಕು, ಅಷ್ಟು ಚಿಕ್ಕ ಮಗುವಿಗೆ ಅದು ಅಪಾಯ. ಹಾಗಾಗಿ ಹೋಲಿಕೆ ಅಂದರೆ ಮಗುವಿನ ನಿನ್ನೆ ಮತ್ತು ಇವತ್ತು, ಇದೇ ಕಾಯಿಲೆಯ ಇತರ ಮಕ್ಕಳ ಹಿಂದಿನ ದಾಖಲೆ. ನನ್ನ ಅಮ್ಮನ ಮಂಡಿ ನೋವಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಮಂಡಿ ನೋವು ತಾನಾಗಿಯೂ ಇಳಿಯುತ್ತದೆ. ಡಿಎನ್‌ಎಯ ತಪ್ಪು ತಾನಾಗಿ ಸರಿಹೋಗುವುದಿಲ್ಲ. ಅದಕ್ಕೇ ಒಂದೇ ಮಗುವಿನ ಕಥೆಗೂ ಇಲ್ಲಿ ತೂಕ ಇದೆ. ಆದರೂ ಆ ವೈದ್ಯರು ಕಾಯಿಲೆ ವಾಸಿಯಾಯಿತು ಅಂತ ಘೋಷಿಸಲಿಲ್ಲ. ಇನ್ನೂ ವರ್ಷಗಟ್ಟಲೆ ನೋಡಬೇಕು ಅಂದರು. ಅವರ ಮೇಲಿನ ನನ್ನ ಗೌರವ ಹೆಚ್ಚಿದ್ದು ಈ ಮಾತಿನಿಂದ.

ಈಗ ಆಫೀಸಿಗೆ ಬರೋಣ. ನನಗೆ ಜಾಸ್ತಿ ಮಾತಾಡಬೇಕಿರುವುದು ಈ ವಿಷಯ. ಯಾಕೆಂದರೆ ಔಷಧಿಗೆ ಕೇಳುವ ಪ್ರಶ್ನೆಯನ್ನು ಕೆಲಸದ ಜಾಗದಲ್ಲಿ ಯಾರೂ ಕೇಳುವುದೇ ಇಲ್ಲ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಒಂದು ತಿಂಗಳು ತಪ್ಪುಗಳು ವಿಪರೀತ ಆದವು. ಮ್ಯಾನೇಜ್‌ಮೆಂಟ್ ಗಾಬರಿಯಾಗಿ ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಸೇರುವ ಮೀಟಿಂಗ್ ಶುರು ಮಾಡಿತು. ಮುಂದಿನ ತಿಂಗಳು ತಪ್ಪು ಕಡಿಮೆಯಾದವು. ಗೋಡೆಯ ಮೇಲೆ ಗ್ರಾಫ್ ತೋರಿಸಿದರು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಮೀಟಿಂಗ್ ಮೂರು ವರ್ಷ ನಡೆಯಿತು. ಚಿಕ್ಕ ಮಕ್ಕಳಿರುವ ಸಹೋದ್ಯೋಗಿಯೊಬ್ಬರು ಅದಕ್ಕೋಸ್ಕರ ದಿನಾ ಓಡೋಡಿ ಬಂದು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ತೀರಾ ಕೆಟ್ಟ ತಿಂಗಳ ಮುಂದಿನ ತಿಂಗಳು ಮೀಟಿಂಗ್ ಇಲ್ಲದೆಯೂ ಸ್ವಲ್ಪ ಒಳ್ಳೆಯದೇ ಆಗುತ್ತಿತ್ತೇನೋ. ಅದನ್ನು ತಿಳಿಯೋಕೆ ಮೀಟಿಂಗ್ ಇಲ್ಲದ ಒಂದು ತಂಡ ಬೇಕಿತ್ತು. ಇರಲಿಲ್ಲ. ನಾನೂ ಕೇಳಲಿಲ್ಲ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೇಮನ್ ಜೋನ್ಸ್, ಡೇವಿಡ್ ಮೊಲಿಟರ್, ಜೂಲಿಯನ್ ರೀಫ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ ಓದಿದಾಗ ನನಗೆ ಇದೇ ನೆನಪಾಯಿತು. ನೌಕರರ ಆರೋಗ್ಯಕ್ಕೆ ಅಂತ ಕಂಪನಿಗಳು ನಡೆಸುವ ವೆಲ್‌ನೆಸ್ ಕಾರ್ಯಕ್ರಮಗಳಿವೆಯಲ್ಲ, ತಪಾಸಣೆ, ವ್ಯಾಯಾಮ ತರಗತಿ, ಸೇರಿದವರಿಗೆ ಬಹುಮಾನ, ಅವುಗಳಿಂದ ನಿಜಕ್ಕೂ ಲಾಭ ಇದೆಯಾ? ಅವರು 4834 ನೌಕರರನ್ನು ತೆಗೆದುಕೊಂಡು ಲಾಟರಿ ಎತ್ತಿದರು. ಸುಮಾರು ಮೂರನೇ ಎರಡು ಭಾಗದವರಿಗೆ ಕಾರ್ಯಕ್ರಮಕ್ಕೆ ಅವಕಾಶ, ಉಳಿದವರಿಗೆ ಇಲ್ಲ.

ಆಮೇಲೆ ಒಂದೇ ಡೇಟಾವನ್ನು ಎರಡು ರೀತಿ ನೋಡಿದರು. ಮೊದಲನೆಯದು ಸಾಮಾನ್ಯವಾಗಿ ಕಂಪನಿಗಳು ನೋಡುವ ರೀತಿ: ಅವಕಾಶ ಸಿಕ್ಕಿದವರಲ್ಲಿ ಕಾರ್ಯಕ್ರಮಕ್ಕೆ ಬಂದವರು ಹೇಗಿದ್ದಾರೆ, ಬರದವರು ಹೇಗಿದ್ದಾರೆ? ಹಾಗೆ ನೋಡಿದರೆ ಕಾರ್ಯಕ್ರಮ ಅದ್ಭುತ. ಬಂದವರ ಆಸ್ಪತ್ರೆ ಖರ್ಚು ಕಡಿಮೆ, ಜಿಮ್‌ಗೆ ಹೋಗುವುದು ಹೆಚ್ಚು. ಎರಡನೆಯದು ಲಾಟರಿಯ ರೀತಿ: ಬಂದರೋ ಬಿಟ್ಟರೋ, ಅವಕಾಶ ಸಿಕ್ಕಿದವರೆಲ್ಲ ಒಂದು ಕಡೆ, ಸಿಗದವರೆಲ್ಲ ಇನ್ನೊಂದು ಕಡೆ. ಹಾಗೆ ನೋಡಿದಾಗ ಆ ವ್ಯತ್ಯಾಸ ಹೆಚ್ಚುಕಡಿಮೆ ಮಾಯ. ಖರ್ಚಿನಲ್ಲಿ, ಜಿಮ್‌ನಲ್ಲಿ, ರಜೆಯ ಲೆಕ್ಕದಲ್ಲಿ ಎಲ್ಲೂ ಹೇಳಿಕೊಳ್ಳುವಂಥದ್ದು ಕಾಣಲಿಲ್ಲ. ಯಾಕೆ? ಕಾರ್ಯಕ್ರಮಕ್ಕೆ ತಾವಾಗಿ ಬಂದವರು ಮೊದಲಿನಿಂದಲೂ ಆರೋಗ್ಯದ ಕಡೆ ಗಮನ ಇಟ್ಟವರು. ಅವರ ಖರ್ಚು ಹಿಂದೆಯೂ ಕಡಿಮೆಯೇ ಇತ್ತು. ಕಾರ್ಯಕ್ರಮ ಅವರನ್ನು ಆರೋಗ್ಯವಂತರನ್ನಾಗಿ ಮಾಡಲಿಲ್ಲ, ಆರೋಗ್ಯವಂತರು ಕಾರ್ಯಕ್ರಮಕ್ಕೆ ಬಂದರು.

ಈ ಅಧ್ಯಯನವನ್ನು ನಾನು ಎರಡು ಮೂರು ಸಲ ಓದಿದ್ದೇನೆ. ಅದೇ ಜನ, ಅದೇ ವರ್ಷ, ಅದೇ ಅಂಕಿಗಳು. ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟರು ಅನ್ನೋದೊಂದೇ ಬದಲಾದದ್ದು. ಉತ್ತರ ತಲೆಕೆಳಗಾಯಿತು.

ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡುವ ಬಗ್ಗೆ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದೂ ಹೀಗೇ ಲಾಟರಿಯ ಅಧ್ಯಯನ. ಚೀನಾದ ಟ್ರಿಪ್.ಕಾಮ್ ಕಂಪನಿಯ 1612 ಉದ್ಯೋಗಿಗಳು. ಲಾಟರಿ ಯಾವುದು ಗೊತ್ತಾ? ಹುಟ್ಟಿದ ತಾರೀಖು. ಬೆಸ ಸಂಖ್ಯೆಯ ದಿನ ಹುಟ್ಟಿದವರಿಗೆ ಬುಧವಾರ, ಶುಕ್ರವಾರ ಮನೆಯಿಂದ ಕೆಲಸ. ಸಮ ಸಂಖ್ಯೆಯವರು ಐದೂ ದಿನ ಆಫೀಸಿಗೆ. ಹನ್ನೊಂದನೇ ತಾರೀಖು ಹುಟ್ಟಿದವರು ಶುಕ್ರವಾರ ಮನೆಯಲ್ಲಿ, ಹನ್ನೆರಡನೇ ತಾರೀಖು ಹುಟ್ಟಿದವರು ಅದೇ ಶುಕ್ರವಾರ ಆಫೀಸಿನಲ್ಲಿ. ಹುಟ್ಟಿದ ತಾರೀಖಿಗೂ ಕೆಲಸದ ಶ್ರದ್ಧೆಗೂ ಏನೂ ಸಂಬಂಧ ಇಲ್ಲವಲ್ಲ, ಆ ಸರಳತೆ ನನಗೆ ಬಹಳ ಇಷ್ಟ.

ಕೆಲಸ ಬಿಟ್ಟು ಹೋಗುವವರು ಮನೆಯಿಂದ ಕೆಲಸ ಮಾಡುವ ಗುಂಪಿನಲ್ಲಿ ಮೂರನೇ ಒಂದು ಭಾಗ ಕಡಿಮೆಯಾದರು. ದೂರದಿಂದ ಓಡಾಡುವವರಲ್ಲಿ, ಹೆಂಗಸರಲ್ಲಿ, ಮ್ಯಾನೇಜರ್ ಅಲ್ಲದವರಲ್ಲಿ ಇದು ಚೆನ್ನಾಗಿ ಕಾಣಿಸಿತು. ಕೆಲಸದ ಗುಣಮಟ್ಟದಲ್ಲಿ, ಬಡ್ತಿಯಲ್ಲಿ ಎರಡು ವರ್ಷ ನೋಡಿದರೂ ವ್ಯತ್ಯಾಸ ಇಲ್ಲ. ನನ್ನ ಗಮನ ನಿಂತದ್ದು ಮ್ಯಾನೇಜರ್‌ಗಳ ಮೇಲೆ. ಶುರುವಿಗೆ ಮುಂಚೆ ಅವರನ್ನು ಕೇಳಿದಾಗ, ಉತ್ಪಾದಕತೆ ಸರಾಸರಿ ಶೇ 2.6ರಷ್ಟು ಬೀಳುತ್ತದೆ ಅಂದಿದ್ದರು. ಮುಗಿದ ಮೇಲೆ ಕೇಳಿದಾಗ ಶೇ 1ರಷ್ಟು ಏರಿದೆ ಅಂದರು. ವಾದ ಮಾಡಿ ಅವರ ಮನಸ್ಸು ಬದಲಿಸಲು ಯಾರಿಗೂ ಆಗುತ್ತಿರಲಿಲ್ಲ. ಪಕ್ಕಪಕ್ಕದ ಎರಡು ಕುರ್ಚಿಗಳು ಬದಲಿಸಿದವು.

ವಾರಕ್ಕೆ ನಾಲ್ಕೇ ದಿನ ಕೆಲಸದ ಬಗ್ಗೆ 2025ರಲ್ಲಿ ಬಂದ ದೊಡ್ಡ ಅಧ್ಯಯನ ಹೀಗಿರಲಿಲ್ಲ. ಆರು ದೇಶಗಳ 141 ಸಂಸ್ಥೆಗಳು, 2896 ಜನ. ಸಂಬಳ ಕಡಿಮೆ ಮಾಡಲಿಲ್ಲ. ದಣಿವು ಇಳಿಯಿತು, ಕೆಲಸದ ತೃಪ್ತಿ ಏರಿತು. ಹೋಲಿಸಲು 12 ಕಂಪನಿಗಳ 285 ಜನರೂ ಇದ್ದರು. ಆದರೆ ಸೇರಿದ ಸಂಸ್ಥೆಗಳು ತಾವಾಗಿ ಮುಂದೆ ಬಂದವು, ಜನರೂ ತಮ್ಮ ಬಗ್ಗೆ ತಾವೇ ಹೇಳಿದ್ದು. ನನಗೂ ನಾಲ್ಕು ದಿನದ ವಾರ ಬರಲಿ ಅನ್ನೋ ಆಸೆ ಬಹಳ ಇದೆ. ಆಸೆ ಇರುವುದರಿಂದಲೇ ಇದನ್ನು ಇನ್ನೂ ಎಚ್ಚರದಿಂದ ಓದುತ್ತೇನೆ.

ಆಕಾಶದ ವಿಷಯಕ್ಕೆ ಬಂದರೆ ಲಾಟರಿ ಎತ್ತಲು ಆಗುವುದಿಲ್ಲ. ಗ್ರಹಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಮಾತ್ರ ಸಾಗರ ಕೊಡಲು ಬರುವುದಿಲ್ಲವಲ್ಲ. ಅಲ್ಲಿನವರು ಹೋಲಿಕೆಗೆ ಏನು ಮಾಡುತ್ತಾರೆ ಅಂತ ಹುಡುಕಿದಾಗ ಸಿಕ್ಕಿದ ಒಂದು ವಸ್ತುವಿನ ಬಗ್ಗೆ ಹೇಳಲೇಬೇಕು.

ನಾಸಾದ ಒಸೈರಿಸ್-ರೆಕ್ಸ್ ನೌಕೆ ಬೆನ್ನು ಅನ್ನೋ ಕ್ಷುದ್ರಗ್ರಹವನ್ನು 2020ರ ಅಕ್ಟೋಬರ್‌ನಲ್ಲಿ ಮುಟ್ಟಿ, ಅಲ್ಲಿನ ಮಣ್ಣು ಕಲ್ಲು ಎತ್ತಿಕೊಂಡು, 2023ರ ಸೆಪ್ಟೆಂಬರ್ 24ರಂದು ಯೂಟಾ ಮರುಭೂಮಿಯಲ್ಲಿ ಇಳಿಸಿತು. ಡಬ್ಬಿಯ 35 ಕೊಂಡಿಗಳಲ್ಲಿ ಎರಡು ಕಚ್ಚಿಕೊಂಡು ಬಿಡಲೇ ಇಲ್ಲ. ಭೂಮಿಯ ಗಾಳಿ ತಾಕದಂತೆ ನೈಟ್ರೋಜನ್ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ ಕೈಗವಸಿನಲ್ಲೇ ಕೆಲಸ ಆಗಬೇಕು, ಸಿಕ್ಕಸಿಕ್ಕ ಉಪಕರಣ ಒಳಗೆ ತರುವಂತಿಲ್ಲ. ಅದಕ್ಕೇ ಅಂತ ಹೊಸ ಉಪಕರಣ ಮಾಡಿ, ತಿಂಗಳುಗಟ್ಟಲೆ ಕಾದು, 2024ರ ಜನವರಿಯಲ್ಲಿ ಪೂರ್ತಿ ತೆರೆದರು. 60 ಗ್ರಾಂ ಬಂದರೆ ಸಾಕು ಅಂದುಕೊಂಡಿದ್ದರು. 121.6 ಗ್ರಾಂ ಬಂದಿತ್ತು.

ಅದರಲ್ಲಿ ಜೀವಿಗಳು ಬಳಸುವ 20 ಅಮೈನೊ ಆಮ್ಲಗಳಲ್ಲಿ 14 ಇದ್ದವು. ಡಿಎನ್‌ಎ, ಆರ್‌ಎನ್‌ಎ ಬರೆಯುವ ಐದೂ ಅಕ್ಷರಗಳಿದ್ದವು. ಉಪ್ಪುನೀರು ಆರಿ ಉಳಿದ ಲವಣಗಳಿದ್ದವು. ಈಗ ಪ್ರಶ್ನೆ: ಇವು ಬೆನ್ನುವಿನವೋ, ಅಥವಾ ನಮ್ಮ ಕೈಯ, ನೌಕೆಯ, ಇಂಧನದ ಕೊಳೆಯೋ?

ಅದಕ್ಕೋಸ್ಕರವೇ ನೌಕೆಯಲ್ಲಿ ಅಲ್ಯೂಮಿನಿಯಂ ಮತ್ತು ನೀಲಮಣಿಯ ಪುಟ್ಟ ಬಿಲ್ಲೆಗಳನ್ನು ಕೂರಿಸಿದ್ದರು. ಅವುಗಳ ಹೆಸರೇ ಸಾಕ್ಷಿ ಬಿಲ್ಲೆ. ಮಣ್ಣು ಎತ್ತುವುದು ಅವುಗಳ ಕೆಲಸವಲ್ಲ. ಸುಮ್ನೆ ಜತೆಗೆ ಹೋಗಿ, ದಾರಿಯಲ್ಲಿ ಏನೇನು ಅಂಟಿತೋ ಅದನ್ನೆಲ್ಲ ಅಂಟಿಸಿಕೊಂಡು ವಾಪಸ್ ಬರುವುದು. ನೌಕೆಯಿಂದಲೇ ಬಂದ ಕೊಳೆ ಯಾವುದು ಅಂತ ಅವು ಹೇಳುತ್ತವೆ. ಇನ್ನೊಂದು ಗುರುತು ಅಮೈನೊ ಆಮ್ಲಗಳಲ್ಲೇ ಇತ್ತು. ಅವು ಎಡಗೈ ಬಲಗೈಗಳ ಹಾಗೆ ಎರಡು ರೂಪದಲ್ಲಿರುತ್ತವೆ. ಭೂಮಿಯ ಜೀವಿಗಳು ತಮ್ಮ ಪ್ರೋಟೀನ್‌ಗೆ ಬಳಸುವುದು ಎಡಗೈಯವನ್ನು. ಬೆನ್ನುವಿನಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ ಇದ್ದವು. ನಮ್ಮ ಬೆರಳಿನಿಂದ ಅಂಟಿದ್ದರೆ ಹಾಗಿರುತ್ತಿರಲಿಲ್ಲ.

ಕೆ2-18ಬಿ ಅನ್ನೋ ಗ್ರಹಕ್ಕೆ ಇಂಥ ಸಾಕ್ಷಿ ಬಿಲ್ಲೆ ಇಲ್ಲ. ಅದಿರುವುದು 124 ಜ್ಯೋತಿರ್ವರ್ಷ ದೂರದಲ್ಲಿ. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜ್‌ನ ಖಗೋಳ ವಿಜ್ಞಾನಿ ನಿಕ್ಕು ಮಧುಸೂದನ್ ಅವರ ತಂಡ, ಅಲ್ಲಿನ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್‌ನ ಸುಳಿವು ಇದೆ ಅಂತ ಹೇಳಿತು. ಭೂಮಿಯಲ್ಲಿ ಮುಖ್ಯವಾಗಿ ಕಡಲಿನ ಸೂಕ್ಷ್ಮಜೀವಿಗಳಿಂದ ಬರುವ ಅನಿಲ ಅದು. ಜೇಮ್ಸ್ ವೆಬ್ ದೂರದರ್ಶಕದ ಡೇಟಾ. ಜೀವ ಸಿಕ್ಕಿಬಿಟ್ಟಿತು ಅನ್ನೋ ಹಾಗೆ ಸುದ್ದಿಯಾಯಿತು. ಆಮೇಲೆ ಬೇರೆ ತಂಡಗಳು ಅದೇ ಡೇಟಾವನ್ನು ತೆಗೆದುಕೊಂಡು, ಇನ್ನಷ್ಟು ಅಣುಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದವು. ಬೇರೆ ಅಣುಗಳೂ ಅಷ್ಟೇ ಚೆನ್ನಾಗಿ ಹೊಂದಿಕೊಂಡವು. ಒಂದು ವಿಶ್ಲೇಷಣೆಯಲ್ಲಿ ಯಾವ ಅಣುವಿನ ಗುರುತೂ ಇಲ್ಲದ ಒಂದು ನೇರ ಗೆರೆಯೂ ಹೊಂದಿತು. ಅದೂ ಅಲ್ಲದೆ ಈ ಅನಿಲ ಜೀವ ಇಲ್ಲದ ಒಂದು ಧೂಮಕೇತುವಿನಲ್ಲೂ ಸಿಕ್ಕಿದೆ. ಮಧುಸೂದನ್ ಅವರ ತಂಡವೂ ತಮ್ಮ ಸುಳಿವು ಮೂರು ಸಿಗ್ಮಾ ಮಟ್ಟದ್ದು (ಬರೀ ಆಕಸ್ಮಿಕ ಅಲ್ಲ ಅನ್ನೋ ನಂಬಿಕೆಯ ಅಳತೆ ಇದು), ಖಚಿತ ಶೋಧ ಅನ್ನೋಕೆ ಬೇಕಾದ ಐದಕ್ಕೆ ಮುಟ್ಟಿಲ್ಲ, ಇನ್ನೂ ನೋಡಬೇಕು ಅಂತ ಮೊದಲೇ ಹೇಳಿತ್ತು. ಅದನ್ನು ಕೇಳಿಸಿಕೊಂಡವರು ಕಡಿಮೆ. ಅಲ್ಲಿ ಜೀವ ಇರಲಿ ಅಂತ ನಾನೂ ಎಷ್ಟೋ ರಾತ್ರಿ ಆಸೆಪಟ್ಟಿದ್ದೇನೆ.

ಇಷ್ಟು ಬರೆದ ಮೇಲೂ ಮನಸ್ಸು ಮತ್ತೆ ಎಚ್‌ಐವಿ ಟ್ರಯಲ್‌ನ ಆ ಮೊದಲ ಪಟ್ಟಿಗೇ, ಮಾತ್ರೆಯ ಗುಂಪುಗಳಲ್ಲಿ ಸೋಂಕು ತಗುಲಿದವರ ಲೆಕ್ಕಕ್ಕೇ ಹೋಗುತ್ತದೆ. 16 ಮತ್ತು 39. ಕೂಡಿಸಿದರೆ 55. ಸಾಕ್ಷಿ ಬಿಲ್ಲೆಗೆ ನೋವಿಲ್ಲ, ಇವರು ಮನುಷ್ಯರು. ತಿಂಗಳುಗಟ್ಟಲೆ ಕ್ಲಿನಿಕ್ಕಿಗೆ ಬಂದರು, ರಕ್ತ ಕೊಟ್ಟರು, ಔಷಧಿಯಿಲ್ಲದ ಇಂಜೆಕ್ಷನ್‌ಗೂ ಮೈಯೊಡ್ಡಿದರು. ಒಂದು ದಿನ ಪರೀಕ್ಷೆಯ ಫಲಿತಾಂಶ ಬೇರೆ ಬಂತು. 2134ರ ಪಕ್ಕದ ಸೊನ್ನೆಗೆ ಅರ್ಥ ಬಂದದ್ದು ಇವರು ಆ ಪಟ್ಟಿಯಲ್ಲಿ ಇರುವುದರಿಂದ.

ಫಲಿತಾಂಶ ಇಷ್ಟು ಸ್ಪಷ್ಟ ಇದ್ದುದರಿಂದ ಟ್ರಯಲ್‌ನ ಆ ಹಂತವನ್ನು ಬೇಗ ನಿಲ್ಲಿಸಿ, ಮಾತ್ರೆಯ ಗುಂಪಿನಲ್ಲಿದ್ದವರಿಗೂ ಇಂಜೆಕ್ಷನ್ ತೆಗೆದುಕೊಳ್ಳುವ ಅವಕಾಶ ಕೊಟ್ಟರು. ಆ 55 ಜನರಿಗೆ ಅದು ಇನ್ನು ತಡೆಯಾಗಿ ಕೆಲಸಕ್ಕೆ ಬರುವುದಿಲ್ಲ. ಅವರದ್ದು ಈಗ ಚಿಕಿತ್ಸೆಯ ದಾರಿ. ದಿನಾ ಮಾತ್ರೆ.